ಎಂಟು ವರ್ಷಕ್ಕೆ ಒಂದೇ ಸಾಲು

ಗುರ್ರ್ ಅಂತ ಶುರುವಾಗಿ, ಮಧ್ಯೆ ಒಂದು ಸಲ ಗಂಟಲು ಸರಿಮಾಡಿಕೊಂಡ ಹಾಗೆ ತಡವರಿಸಿ, ಮತ್ತೆ ಗುರ್ರ್. ನನ್ನ ಮೊಮ್ಮಗಳಿಗೆ ಉಸಿರಾಟದ ಔಷಧಿಯನ್ನು ಆವಿಯಾಗಿ ಕೊಡುವ ನೆಬ್ಯುಲೈಸರ್ ಸದ್ದು ಅದು. ಚಳಿಗಾಲದಲ್ಲಿ ಚಿಕಾಗೋ ಪಕ್ಕದ ಅರೋರಾದಲ್ಲಿರುವ ಮಗಳ ಮನೆಗೆ ಹೋದಾಗಲೆಲ್ಲ ಬೆಳಗ್ಗೆ ಆರು ಗಂಟೆಗೆ ನನ್ನನ್ನು ಎಬ್ಬಿಸುತ್ತಿದ್ದದ್ದು ಅಲಾರಂ ಅಲ್ಲ, ಆ ಪುಟ್ಟ ಮೆಷಿನ್. ಕೆಳಗಿಳಿದು ಬಂದರೆ ಅಡುಗೆಮನೆಯ ಮೇಜಿನ ಮುಂದೆ ಮಗಳು, ಅವಳ ತೊಡೆಯ ಮೇಲೆ ಮಗು, ಮಗುವಿನ ಮುಖಕ್ಕೆ ಮೀನಿನ ಆಕಾರದ ಹಸಿರು ಮಾಸ್ಕ್. ಒಂದು ಕೈಯಲ್ಲಿ ಮಾಸ್ಕ್ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಪುಸ್ತಕದ ಹಾಳೆ ತಿರುಗಿಸುತ್ತ, ಮೆಷಿನ್ ಸದ್ದಿಗಿಂತ ಸ್ವಲ್ಪ ಮೇಲೆ ದನಿಯೆತ್ತಿ ಮಗಳು ಕತೆ ಓದುತ್ತಿದ್ದಳು. ಓದು ನಿಂತರೆ ಮಗು ಮಾಸ್ಕ್ ಕಿತ್ತು ಬಿಸಾಕುತ್ತಿತ್ತು. ಹಾಗಾಗಿ ಔಷಧಿ ಮುಗಿಯುವವರೆಗೂ ಬಿಡದೆ ಓದಬೇಕು. ಕಾಯಿಲೆಯ ದಿನಗಳಲ್ಲಿ ದಿನಕ್ಕೆ ನಾಲ್ಕು ಸಲ.

ಆ ಮಗುವಿಗೆ ಈಗ ಒಂಬತ್ತು ವರ್ಷ. ಸಾಕರ್ ಆಡುತ್ತಾಳೆ. ಮೆಷಿನ್ ಬೇಸ್‌ಮೆಂಟಿನಲ್ಲಿ ಯಾವುದೋ ಡಬ್ಬದೊಳಗೆ ಸೇರಿಹೋಗಿದೆ. ಸುಖಾಂತ್ಯ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಮಗು ಸರಿಯಾದ ಮೇಲೆ ನನ್ನ ಮಗಳು ಮತ್ತೆ ಕೆಲಸಕ್ಕೆ ಹೋಗಬೇಕು ಅಂತ ಹೊರಟಳು ನೋಡಿ, ಆಗ ಗೊತ್ತಾಯಿತು, ಆ ಎಂಟು ವರ್ಷಕ್ಕೆ ಈ ದೇಶದಲ್ಲಿ ಒಂದು ಹೆಸರಿದೆ. ಗ್ಯಾಪ್.

ಮಗಳು ಎಂಜಿನಿಯರ್. ಮಗುವಿಗೆ ಒಂದು ವರ್ಷ ಆಗುವವರೆಗೂ ಒಂದು ದೊಡ್ಡ ಕಂಪನಿಯಲ್ಲಿ ಸಪ್ಲೈ ಚೈನ್ ನೋಡಿಕೊಳ್ಳುತ್ತಿದ್ದಳು. ಫ್ಯಾಕ್ಟರಿಗೆ ಬೇಕಾದ ಸಾಮಾನು ಎಲ್ಲಿಂದ, ಯಾವ ದಾರಿಯಲ್ಲಿ, ಯಾವತ್ತು ಬಂದು ಇಳಿಯಬೇಕು ಅನ್ನೋ ಪ್ಲಾನಿಂಗ್. ಒಳ್ಳೆಯ ಹೆಸರಿತ್ತು, ಸೀನಿಯರ್ ಅನ್ನೋ ಪದವೂ ಹೆಸರಿನ ಕೆಳಗಿತ್ತು. ಮಗುವಿಗೆ ಉಸಿರಾಟದ ತೊಂದರೆ ಹೆಚ್ಚಾಗಿ ಮೂರು ಸಲ ಆಸ್ಪತ್ರೆ ಸೇರಿದ ವರ್ಷ ಅವಳು ಕೆಲಸ ಬಿಟ್ಟಳು. ಈಗ ಅಪ್ಲೈ ಮಾಡಲು ಕೂತರೆ ಪ್ರತಿಯೊಂದು ಕಂಪನಿಯ ಫಾರ್ಮಿನಲ್ಲೂ ಅದೇ ಒಂದು ಖಾಲಿ ಚೌಕ: ಕೆಲಸದಲ್ಲಿ ಬಿಡುವು ಇದ್ದರೆ ವಿವರಿಸಿ. ಏನೂ ಬರೆಯದೆ ಕಳಿಸಿದ್ದಕ್ಕೆ ಎಷ್ಟೋ ಕಡೆಯಿಂದ ಉತ್ತರವೇ ಇಲ್ಲ.

ನಾನಿರುವುದು ಮಿಶಿಗನ್ನಿನ ಪ್ಲಿಮತ್‌ನಲ್ಲಿ. ಯಜಮಾನರು ಹೋದ ಮೇಲೂ ಅಲ್ಲೇ ಇದ್ದೇನೆ. ಕಳೆದ ಚಳಿಗಾಲ ಅರೋರಾಗೆ ಹೋದಾಗ ಮಗಳು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. "ಅಮ್ಮ, ನಿನ್ನ ಇಂಗ್ಲಿಷ್ ಚೆನ್ನಾಗಿದೆ, ಇದನ್ನ ಸ್ವಲ್ಪ ನೋಡು."

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಬಾಯಿತಪ್ಪಿ ಕನ್ನಡ ಬಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅದಕ್ಕೇ ಈ ಬರಹದಲ್ಲಿ ಮಾತು ಮಾತಿಗೆ ಇಂಗ್ಲಿಷ್ ನುಸುಳುತ್ತದೆ. ಎಪ್ಪತ್ತೆರಡನೇ ವಯಸ್ಸಿನಲ್ಲಿ ಅದಕ್ಕೆ ಸಾರಿ ಹೇಳುವವಳಲ್ಲ ನಾನು.

ಕನ್ನಡಕ ಹಾಕಿಕೊಂಡು ಅವಳ ರೆಸ್ಯೂಮೆ ನೋಡಿದೆ. ಎಂಟು ವರ್ಷದ ಜಾಗದಲ್ಲಿ "ಹೌಸ್‌ಹೋಲ್ಡ್ ಆಪರೇಷನ್ಸ್ ಮ್ಯಾನೇಜರ್" ಅಂತ ಇತ್ತು. ಕೆಳಗೆ ಚುಕ್ಕಿ ಚುಕ್ಕಿಯಾಗಿ ಐದು ಸಾಲು. ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಕ್ಕೆ "ಲಾಜಿಸ್ಟಿಕ್ಸ್". ಇನ್ಶೂರೆನ್ಸಿನವರ ಜೊತೆ ಜಗಳಕ್ಕೆ "ವೆಂಡರ್ ನೆಗೋಷಿಯೇಷನ್". ನನಗೆ ನಗು ತಡೆಯಲಿಲ್ಲ.

"ನಗಬೇಡ. ಇಂಟರ್ನೆಟ್ಟಲ್ಲಿ ಎಲ್ಲರೂ ಹೀಗೇ ಬರೀರಿ ಅಂತಿದಾರೆ."

"ಇದರಲ್ಲಿ ಮಗು ಎಲ್ಲೇ?"

"ಮಗು ಅಂತ ಬರೆದರೆ ಓದೋದು ನಿಲ್ಲಿಸ್ತಾರೆ ಅಮ್ಮ."

"ಬರೀದೆ ಇದ್ರೂ ಓದ್ತಿಲ್ವಲ್ಲ. ಸುಮ್ಮನೆ ಪೇರೆಂಟ್ ಅಂತ ಬರಿ. ಫುಲ್ ಟೈಮ್. ಅರೋರಾ, ಇಲಿನಾಯ್. ಇಸವಿ ಹಾಕು. ಮುಗೀತು. ಈ ವೇಷ ಯಾಕೆ?"

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ನನ್ನ ಇಂಗ್ಲಿಷ್ ಅವಳಿಗೆ ಬೇಕಿತ್ತು, ಅಭಿಪ್ರಾಯ ಬೇಕಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ಊಟಕ್ಕೆ ಅಳಿಯನ ಸ್ನೇಹಿತರೊಬ್ಬರು ಬಂದರು. ಹುಬ್ಬಳ್ಳಿ ಕಡೆಯವರು, ಐವತ್ತು ದಾಟಿದ ನಗುಮುಖದ ಮನುಷ್ಯ. ಪಕ್ಕದ ಊರಿನಲ್ಲಿ ಅವರದೇ ಸಣ್ಣ ಕನ್ಸಲ್ಟಿಂಗ್ ಕಂಪನಿ. ಜನರನ್ನು ದೊಡ್ಡ ಕಂಪನಿಗಳಿಗೆ ಸೇರಿಸುವುದೇ ಅವರ ಉದ್ಯೋಗ. ರೊಟ್ಟಿ ಮುರಿಯುತ್ತ ವಿಷಯ ಕೇಳಿ, ಎರಡನೇ ತುತ್ತಿಗೆ ಪರಿಹಾರ ಹೇಳಿಬಿಟ್ಟರು.

"ಇದೇನ್ ದೊಡ್ಡ ಮಾತಲ್ರೀ. ಇಟಾಸ್ಕಾದಾಗ ಒಂದು ಕಂಪನ್ಯಾಗ ಈಕಿಗೆ ಹೊಂದೂವಂಥಾ ಪೊಸಿಷನ್ ಐತಿ, ಶುಕ್ರವಾರಕ್ಕ ಕ್ಲೋಸ್. ಎಂಟು ವರ್ಷ ನಮ್ಮ ಕಂಪನ್ಯಾಗ ಪಾರ್ಟ್‌ಟೈಮ್ ಕನ್ಸಲ್ಟೆಂಟ್ ಇದ್ಲು ಅಂತ ತೋರಸೋಣು. ಯಾರರ ಫೋನ್ ಮಾಡಿ ಕೇಳಿದ್ರ ನಾ 'ಹೌದ್ರೀ' ಅಂತೀನಿ. ಮುಗೀತು."

"ಅವಳು ನಿಮ್ಮ ಆಫೀಸಿನ ಬಾಗಿಲು ಕೂಡ ನೋಡಿಲ್ವಲ್ಲಪ್ಪ?" ಅಂದೆ ನಾನು.

"ನಮ್ಮ ಆಫೀಸಿಗೆ ಬಾಗಲಾ ಎಲ್ಲೈತ್ರೀ ಆಂಟಿ! ಎಲ್ಲಾರೂ ಮನ್ಯಾಗಿಂದನ ಕೆಲಸ ಮಾಡ್ತಾರ."

ಅಳಿಯ ಜೋರಾಗಿ ನಕ್ಕ. ಮಗಳೂ ನಕ್ಕಳು. ನನಗೂ ನಗು ಬಂತು, ಸುಳ್ಳೇಕೆ ಹೇಳಲಿ. ಆದರೂ ಬಿಡಲಿಲ್ಲ. "ಅದು ಸುಳ್ಳಾಗುತ್ತೆ."

"ಇದರಾಗ ಸುಳ್ಳು ಏನ್ ಬಂತ್ರೀ? ಅಕಿ ಏನು ಮನ್ಯಾಗ ಖಾಲಿ ಕುಂತಿದ್ಲೇನು?"

"ಖಾಲಿ ಕೂತಿರ್ಲಿಲ್ಲ. ಏನು ಮಾಡ್ತಿದ್ಲೋ ಅದನ್ನೇ ಬರೀಲಿ ಅಂತಿದೀನಿ."

"ಬರದ್ರ ಕಂಪ್ಯೂಟರ ಅದನ್ನ ಹೊರಗ ಹಾಕತೈತಿ ಆಂಟಿ. ಮನಿಷ್ಯಾ ನೋಡೂದ ಇಲ್ಲ. ಕೆಲಸ ಹೋದ್ರ ನೀವ ಹೊಣಿ ಮತ್ತ!"

"ಮಗು ನೋಡ್ಕೊಂಡೆ ಅಂತ ಬರಿಯೋಕೆ ಯಾಕಿಷ್ಟು ನಾಚಿಕೆ ನಿಮಗೆಲ್ಲ?" ಅಂತ ನನ್ನ ದನಿ ಏರಿತು.

ಆಗ ಮಗಳು ನೀರಿನ ಲೋಟ ಕೆಳಗಿಟ್ಟಳು. ತಾಯಿಯ ಜೊತೆ ಜಗಳವಾಡುವಾಗ ಅವಳಿಗೆ ಇಂಗ್ಲಿಷೇ ಬರುವುದು. "ಅಮ್ಮಾ, ಪ್ಲೀಸ್. ಯೂ ಡಿಡ್ ದಿ ಸೇಮ್ ಥಿಂಗ್."

ಹುಬ್ಬಳ್ಳಿಯವರು ಚಟ್ನಿಪುಡಿ ಡಬ್ಬಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಅವಳು ಹೇಳಿದ್ದು ನಿಜ, ನಾನೂ ಅದನ್ನೇ ಮಾಡಿದ್ದೆ. ಅದನ್ನು ಹೇಳಿಬಿಡುತ್ತೇನೆ.

ಮದುವೆಗೆ ಮುಂಚೆ ನಾನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಸ್ಟೆನೋಗ್ರಾಫರ್ ಆಗಿದ್ದೆ. ಕಾನ್ವೆಂಟಿನ ಟೈಪಿಂಗ್ ಸಿಸ್ಟರ್ ನಮ್ಮ ಕೈಗಳ ಮೇಲೆ ಬಟ್ಟೆ ಮುಚ್ಚಿ, ಕೀ ನೋಡದೆ ಹೊಡೆಯುವುದನ್ನು ಕಲಿಸಿದ್ದರು. ಮೊದಲನೇ ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ಮೈಸೂರಿನ ಅತ್ತೆಮನೆಯಲ್ಲಿ ಇಬ್ಬರು ಮಕ್ಕಳನ್ನು ಬೆಳೆಸಿದೆ. ಮಗ ಈ ಕತೆಗೆ ಬರುವುದಿಲ್ಲ, ಅವನು ಚೆನ್ನಾಗಿದ್ದಾನೆ. ಆಮೇಲೆ ಯಜಮಾನರಿಗೆ ಡೆಟ್ರಾಯಿಟ್ ಕಡೆ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸವಾಗಿ ಪ್ಲಿಮತ್‌ಗೆ ಬಂದೆವು. ಬಂದ ಎರಡು ವರ್ಷಕ್ಕೆ, ಪತ್ರಗಳೆಲ್ಲ ಸರಿಯಾದ ಮೇಲೆ, ಅಲ್ಲೇ ಹತ್ತಿರದ ಇನ್ನೊಂದು ಕಂಪನಿಯ ರೆಕಾರ್ಡ್ಸ್ ಆಫೀಸಿಗೆ ನಾನು ಅರ್ಜಿ ಹಾಕಿದೆ. ಆಗ ನನಗೆ ಮೂವತ್ತೆಂಟು. ಕೆಲಸ ಬಿಟ್ಟು ಹನ್ನೊಂದು ವರ್ಷ.

ಯಜಮಾನರು ಹೇಳಿದರು: "ಹನ್ನೊಂದು ವರ್ಷ ಮನೇಲಿದ್ದೆ ಅಂದ್ರೆ ಯಾರು ಕರೀತಾರೆ? ಅಪ್ಪನ ಸೀರೆ ಅಂಗಡಿ ಇದೆಯಲ್ಲ, ಅಲ್ಲಿ ಆಫೀಸ್ ಮ್ಯಾನೇಜರ್ ಆಗಿದ್ದೆ ಅಂತ ಹಾಕು."

ಮಾವನವರ ಅಂಗಡಿ ಇದ್ದದ್ದು ನಿಜ. ನಾನು ಅಲ್ಲಿಗೆ ಹೋಗಿದ್ದದ್ದು ರವಿಕೆ ಪೀಸ್ ತರಲು. ಹಾಕಿದೆ. ಬಯೋಡೇಟಾ ಟೈಪ್ ಮಾಡಿದೆ. ಇದರಲ್ಲಿ ಒಂದು ವಿಷಯ, ಅಮೆರಿಕದವರಿಗೆ ಅರ್ಥವಾಗದ್ದು, ನಮ್ಮವರಿಗೆ ತಕ್ಷಣ ಆಗುತ್ತದೆ. ಬಯೋಡೇಟಾ ಮುಗಿಯುವಾಗ ಒಂದು ಪ್ರಮಾಣ ಬರೆಯಬೇಕು ಅಂತ ಸಿಸ್ಟರ್ ಕಲಿಸಿದ್ದರು. "ಮೇಲೆ ಹೇಳಿದ್ದೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯವೆಂದು ಈ ಮೂಲಕ ಘೋಷಿಸುತ್ತೇನೆ." ಇಂಗ್ಲಿಷಿನಲ್ಲಿ ಅದಕ್ಕೆ ಒಂದು ಗತ್ತಿದೆ. ಅದರ ಕೆಳಗೆ ಎಡಗಡೆ ಸ್ಥಳ, ದಿನಾಂಕ. ಬಲಗಡೆ ಸಹಿ. ಈ ದೇಶದಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ನನ್ನ ಬೆರಳುಗಳು ಮಾತು ಕೇಳಲಿಲ್ಲ, ಅಭ್ಯಾಸಬಲದಿಂದ ತಾವೇ ಹೊಡೆದುಬಿಟ್ಟವು. ಯಾರೂ ಕೇಳದ ಪ್ರಮಾಣವನ್ನು ಸುಳ್ಳಿನ ಕೆಳಗೆ ಮಾಡಿ, ನೀಲಿ ಶಾಯಿಯಲ್ಲಿ ಸಹಿ ಹಾಕಿ ಕೊಟ್ಟುಬಂದೆ.

ಅಲ್ಲಿ ಬಾಸ್ ಒಬ್ಬ ಹೆಂಗಸು. ಎತ್ತರದ, ದಪ್ಪ ದನಿಯ, ನಲವತ್ತೆಂಟರ ಬಿಳಿಯ ಹೆಂಗಸು. ನನ್ನ ಹಾಳೆ ನೋಡಿ ಮೆಚ್ಚಿ ನಕ್ಕರು. "ಸಹಿ ಬೇರೆ ಹಾಕಿದ್ದೀಯ! ಇಷ್ಟು ಪ್ರಾಮಾಣಿಕವಾಗಿ ಯಾರೂ ನನಗೆ ಅರ್ಜಿ ಕೊಟ್ಟಿಲ್ಲ." ಆಮೇಲೆ ಕೇಳಿದರು: "ಅಂಗಡಿ ನೋಡಿಕೊಳ್ಳುವಾಗ ಮಕ್ಕಳನ್ನ ಯಾರು ನೋಡಿಕೊಳ್ಳುತ್ತಿದ್ದರು?"

"ನನ್ನ ಅತ್ತೆ," ಅಂದೆ.

"ಲಕ್ಕಿ ಯೂ."

ಆ ಒಂದು ಉತ್ತರದಿಂದ ನನ್ನ ಮಕ್ಕಳನ್ನು ಬೆಳೆಸಿದವರು ನಮ್ಮತ್ತೆ ಅಂತಾಯಿತು. ಇಪ್ಪತ್ತೆರಡು ವರ್ಷ ಆ ಆಫೀಸಿನಲ್ಲಿದ್ದೆ. ಬೇರೆ ಹೆಂಗಸರು ಲಂಚ್ ಹೊತ್ತಿನಲ್ಲಿ ಮಗುವಿನ ಮೊದಲ ಹೆಜ್ಜೆ, ಮೊದಲ ಜ್ವರ ಅಂತ ಹೇಳಿಕೊಳ್ಳುವಾಗ ನಾನು ಸ್ಯಾಂಡ್‌ವಿಚ್ ಕಡೆ ನೋಡುತ್ತಿದ್ದೆ. ನಾನು ಅಲ್ಲಿರಲೇ ಇಲ್ಲವಲ್ಲ, ಅಂಗಡಿಯಲ್ಲಿದ್ದೆನಲ್ಲ! ಒಂದು ಬೇಸಿಗೆಯಲ್ಲಿ ಶಾಲೆಗೆ ರಜೆ ಅಂತ ಮಗಳನ್ನು ಆಫೀಸಿಗೆ ಕರೆದುಕೊಂಡು ಹೋದೆ. ಬಾಸ್ ಅವಳಿಗೆ ಚಾಕೊಲೇಟ್ ಕೊಟ್ಟು, "ನಿನ್ನನ್ನ ಬೆಳೆಸಿದ್ದು ಗ್ರ್ಯಾಂಡ್‌ಮಾ ಅಲ್ವಾ? ಅವರ ನೆನಪಾಗುತ್ತಾ?" ಅಂತ ಕೇಳಿದರು. ಮಗಳು ನನ್ನ ಮುಖ ನೋಡಿದಳು. ನಾನು ಅವಳ ಕೈಯನ್ನು ಒತ್ತಿದೆ. "ಯೆಸ್," ಅಂದಳು ಎಂಟು ವರ್ಷದ ಹುಡುಗಿ.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿದಳು: "ಅಮ್ಮ, ವಿಚ್ ಗ್ರ್ಯಾಂಡ್‌ಮಾ?"

ನಮ್ಮತ್ತೆ ತೀರಿಕೊಂಡಾಗ ಅವಳಿಗೆ ಎರಡು ತುಂಬಿರಲಿಲ್ಲ.

ಊಟದ ಮೇಜಿನ ಮೇಲೆ "ಯೂ ಡಿಡ್ ದಿ ಸೇಮ್ ಥಿಂಗ್" ಅಂದಾಗ ಅವಳು ಹೇಳಿದ್ದು ಈ ಅಂಗಡಿಯ ಕತೆಯನ್ನು. ಅವಳು ಮರೆತಿಲ್ಲ ಅನ್ನುವುದು ನನಗೆ ಅವತ್ತೇ ಗೊತ್ತಾದದ್ದು.

ಭಾನುವಾರ ನಾನು ಊರಿಗೆ ಹೊರಡಬೇಕಿತ್ತು. ಚಿಕಾಗೋಗೆ ಹೋಗಿ ಅಲ್ಲಿಂದ ಡೆಟ್ರಾಯಿಟ್ ಕಡೆಯ ರೈಲು ಹಿಡಿಯುವುದು ನನ್ನ ಪದ್ಧತಿ. ಅರೋರಾ ಸ್ಟೇಷನ್ನಿಗೆ ಬಿಡಲು ಮಗಳು ಬಂದಳು. ಕಾರಿನಲ್ಲಿ ಹೀಟರ್ ಒಂದೇ ಮಾತಾಡುತ್ತಿತ್ತು. ನಾನೇ ಶುರು ಮಾಡಿದೆ.

"ಕನ್ಸಲ್ಟೆಂಟ್ ಅಂತ ಹಾಕ್ತೀಯಾ?"

"ಗೊತ್ತಿಲ್ಲ. ಶುಕ್ರವಾರ ಲಾಸ್ಟ್ ಡೇಟ್."

"ಬೇಡ ಕಣೇ."

"ನಿನಗೇನಮ್ಮ. ನಿನ್ನ ಕೆಲಸ ಆಯ್ತು, ರಿಟೈರೂ ಆಯ್ತು. ಈಗ ನನ್ನ ರೆಸ್ಯೂಮೆ ಮೇಲೆ ನಿನ್ನ ಧೈರ್ಯ ತೋರಿಸ್ತಿದೀಯ." ಸಿಗ್ನಲ್ ಕೆಂಪಾಗಿತ್ತು. ಅವಳು ನನ್ನ ಕಡೆ ತಿರುಗಿದಳು. "ನಿನ್ನ ಬಾಸ್ ಇನ್ನೂ ಬದುಕಿದಾರಲ್ಲ? ಕ್ರಿಸ್ಮಸ್ ಕಾರ್ಡ್ ಕಳಿಸ್ತಾರೆ ಅಂತೀಯಲ್ಲ? ಫಸ್ಟ್ ಅವರಿಗೆ ಹೋಗಿ ಹೇಳು. ಆಮೇಲೆ ನನಗೆ ಹೇಳು."

ರೈಲಿನಲ್ಲಿ ಕೂತು ಮೊದಲು ಸಿಟ್ಟು ಮಾಡಿಕೊಂಡೆ. ತಾಯಿಗೆ ಹೀಗನ್ನಬಹುದೇ ಅಂತ. ಆಮೇಲೆ ಯೋಚನೆ ಬಂತು, ಅವಳು ಕೇಳಿದ್ದರಲ್ಲಿ ತಪ್ಪೇನಿದೆ? ನಾನು ಹೇಳುವುದಿಲ್ಲ ಅಂತ ಅವಳಿಗೆ ಖಾತ್ರಿಯಿತ್ತು. ಅದಕ್ಕೇ ಹೇಳಬೇಕು ಅನ್ನಿಸಿತು. ಹಟ ಅಂದರೆ ಹಟ.

ಬುಧವಾರ ಫೋನ್ ಮಾಡಿಕೊಂಡು ಹೋದೆ. ಬಾಸ್‌ಗೆ ಆಗ ಎಂಬತ್ತೆರಡು. ಪ್ಲಿಮತ್‌ನಿಂದ ಹೈವೇಯಲ್ಲಿ ಎರಡು ಎಕ್ಸಿಟ್ ಆಚೆ, ವಯಸ್ಸಾದವರು ಇರುವ ಒಂದು ಹೋಮಿನಲ್ಲಿದ್ದರು. ಎತ್ತರವೆಲ್ಲ ಕುರ್ಚಿಯಲ್ಲಿ ಮಡಿಸಿಟ್ಟ ಹಾಗೆ ಕೂತಿದ್ದರು. ದನಿ ಮಾತ್ರ ಹಳೆಯದೇ. ಕ್ರಾಸ್‌ವರ್ಡ್ ಮಾಡುತ್ತಿದ್ದರು.

ಸುತ್ತಿ ಬಳಸದೆ ಹೇಳಿಬಿಟ್ಟೆ. ಅಂಗಡಿಯಲ್ಲಿ ನಾನು ಒಂದು ದಿನವೂ ಕೆಲಸ ಮಾಡಲಿಲ್ಲ. ನಾನು ಮನೆಯಲ್ಲಿದ್ದೆ. ನನ್ನ ಮಕ್ಕಳನ್ನು ನಾನೇ ಬೆಳೆಸಿದೆ.

ಅವರು ಪೆನ್ಸಿಲ್ ಕೆಳಗಿಟ್ಟರು. "ಹಾಗಾದರೆ ಅಂಗಡಿ?"

"ಅಂಗಡಿ ಇತ್ತು. ನಾನು ಬಟ್ಟೆ ಕೊಳ್ಳೋಕೆ ಹೋಗ್ತಿದ್ದೆ."

ನಕ್ಕರು. ಎಷ್ಟು ನಕ್ಕರು ಅಂದರೆ ಕೆಮ್ಮು ಬಂತು, ನಾನು ನೀರು ಕೊಟ್ಟೆ. ಕುಡಿದು, ಬಾಯಿ ಒರೆಸಿಕೊಂಡು, ನಗು ಪೂರ್ತಿ ಹೋದ ಮುಖದಿಂದ ಹೇಳಿದರು: "ಸಹಿ ಹಾಕಿದ್ದೆ ನೀನು. ಆಗ ಗೊತ್ತಾಗಿದ್ದರೆ ಅವತ್ತೇ ನಿನ್ನನ್ನ ಕೆಲಸದಿಂದ ತೆಗೆದು ಪಾರ್ಕಿಂಗ್ ಲಾಟಿನವರೆಗೂ ಕರೆದುಕೊಂಡು ಹೋಗಿ ಬಿಟ್ಟುಬರ್ತಿದ್ದೆ."

"ಗೊತ್ತು."

"ಆದರೆ ನಿಜ ಬರೆದಿದ್ದರೆ ಇಂಟರ್ವ್ಯೂಗೂ ಕರೀತಿರಲಿಲ್ಲ." ಕಿಟಕಿಯ ಕಡೆ ನೋಡಿದರು. "ಇನ್ನೊಬ್ಬಳಿದ್ದಳು. ಇಲ್ಲೇ ಪಕ್ಕದ ಕ್ಯಾಂಟನ್ ಊರಿನವಳು. ಹಾಳೆಯ ಮೇಲೆ ನಿನಗಿಂತ ವಾಸಿ ಇದ್ದಳು. ಶಾರ್ಟ್‌ಹ್ಯಾಂಡ್, ಬುಕ್‌ಕೀಪಿಂಗ್ ಎರಡೂ ಬರ್ತಿತ್ತು. ಮಕ್ಕಳ ಜೊತೆ ಮನೆಯಲ್ಲಿದ್ದೆ ಅಂತ ನೇರವಾಗಿ ಬರೆದಿದ್ದಳು. ನನ್ನ ಮೇಜಿನ ಮೇಲೆ ಎರಡು ಜಾಗ ಇತ್ತು. ಕರೆಯೋರಿಗೆ ಒಂದು ತಂತಿಯ ಟ್ರೇ. ಕರೆಯದೆ ಇರೋರಿಗೆ ಜೆರಾಕ್ಸ್ ಪೇಪರ್ ಡಬ್ಬದ ಮುಚ್ಚಳ. ಅವಳದ್ದನ್ನ ಮುಚ್ಚಳಕ್ಕೆ ಹಾಕಿದೆ. ಯಾವ ಮಗು ಸೀನಿದರೂ ಇವಳು ರಜೆ ಹಾಕ್ತಾಳೆ ಅಂದುಕೊಂಡೆ."

"ನಿಮಗೆ ಮಕ್ಕಳಿರಲಿಲ್ವಾ?"

"ಮೂರು."

ಮೂವತ್ತನಾಲ್ಕು ವರ್ಷ ನನ್ನ ಸುಳ್ಳಿನಿಂದ ನಷ್ಟವಾದದ್ದು ನನಗೊಬ್ಬಳಿಗೆ, ಹೆಚ್ಚೆಂದರೆ ಮಗಳಿಗೆ ಅಂದುಕೊಂಡಿದ್ದೆ. ಈಗ ಕ್ಯಾಂಟನ್‌ನಿಂದ ಮೂರನೆಯವಳೊಬ್ಬಳು ಬಂದು ಎದುರು ನಿಂತ ಹಾಗಾಯಿತು. ಅವಳು ನಿಜ ಹೇಳಿದ್ದಳು. ಅವಳ ಕುರ್ಚಿಯಲ್ಲಿ ನಾನು ಇಪ್ಪತ್ತೆರಡು ವರ್ಷ ಕೂತೆ.

ಆದರೂ ಬಾಯಿಂದ ಬಂದದ್ದು ಅಳುವಲ್ಲ. "ಅವಳ ಹಾಳೆ ಸರಿ ಇತ್ತು," ಅಂದೆ. "ತಪ್ಪಿದ್ದದ್ದು ನಿಮ್ಮ ಮುಚ್ಚಳದಲ್ಲಿ."

ಬಾಸ್ ನನ್ನನ್ನು ನೋಡಿದ ರೀತಿ! ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ನಾನು ಎದುರು ಮಾತಾಡಿದ್ದೇ ಇಲ್ಲ. "ಈಗ ಹೇಳೋದು ಸುಲಭ," ಅಂದರು. ಆಮೇಲೆ, ತಡವಾಗಿ, "ಸರಿ," ಅಂದರು.

ಮನೆಗೆ ಬಂದು ಒಂದು ಗಂಟೆ ಫೋನ್ ಮುಟ್ಟಲಿಲ್ಲ. ಮಗಳಿಗೆ ಪೂರ್ತಿ ಹೇಳಬೇಕೋ ಬೇಡವೋ? ಮುಚ್ಚಳದ ವಿಷಯ ಹೇಳಿದರೆ ಅವಳು ಖಂಡಿತ ಕನ್ಸಲ್ಟೆಂಟ್ ಅಂತಲೇ ಹಾಕುತ್ತಾಳೆ. ಹೇಳದಿದ್ದರೆ ನಾನು ಮತ್ತೆ ಅಂಗಡಿ ಶುರು ಮಾಡಿದ ಹಾಗೆ. ಹೇಳಿದೆ. ಒಂದು ಅಕ್ಷರ ಬಿಡದೆ.

ಆ ಕಡೆ ಡಿಶ್‌ವಾಷರಿಗೆ ತಟ್ಟೆ ಇಡುವ ಸದ್ದು ನಿಂತಿತು.

"ಸೋ, ದಿ ಲೈ ವರ್ಕ್ಸ್," ಅಂದಳು ಮಗಳು.

"ಸುಳ್ಳು ಕೆಲಸ ಮಾಡುತ್ತೆ. ನನಗೆ ಇಪ್ಪತ್ತೆರಡು ವರ್ಷ ಮಾಡ್ತು. ನಿನಗೂ ಮಾಡುತ್ತೆ. ನಾನು ಬೇರೆ ಏನೂ ಹೇಳಲ್ಲ."

"ನೀನಾ? ಏನೂ ಹೇಳಲ್ವಾ?"

"ಒಂದು ಹೇಳ್ತೀನಿ. ಕಾರಲ್ಲಿ ನೀನು ಯಾವ ಗ್ರ್ಯಾಂಡ್‌ಮಾ ಅಂತ ಕೇಳಿದಾಗ ನಾನು ರೇಡಿಯೋ ಜೋರು ಮಾಡಿದೆ. ಅದು ನಿನಗೆ ನೆನಪಿದೆಯೋ ಇಲ್ವೋ."

"ಇದೆ."

"ನಿನಗೆ ಸೆರೆಲ್ಯಾಕ್ ತಿನ್ನಿಸಿದ್ದು ನಾನು. ಅಕ್ಷರ ತಿದ್ದಿಸಿದ್ದು ನಾನು. ಸೀತಾಳೆ ಸಿಡುಬು ಬಂದಾಗ ಬೇವಿನೆಲೆ ಹಿಡಿದು ಹದಿನೈದು ದಿನ ಕೂತಿದ್ದು ನಾನು. ಅದನ್ನ ನಾನೇ ಇನ್ನೊಬ್ಬರ ಹೆಸರಿಗೆ ಬರೆದುಕೊಟ್ಟೆ. ಯಾರೂ ಕಿತ್ತುಕೊಳ್ಳಲಿಲ್ಲ. ನಾನೇ ಕೊಟ್ಟೆ."

"ಇವಳನ್ನ ಸಾಕರ್ ಪ್ರಾಕ್ಟೀಸಿಗೆ ಬಿಡಬೇಕು, ಇಡ್ತೀನಿ," ಅಂದು ಫೋನ್ ಇಟ್ಟಳು.

ಗುರುವಾರ ಬೆಳಗ್ಗೆ ಫೋನಿನಲ್ಲಿ ಒಂದು ಫೋಟೋ ಬಂತು. ರೆಸ್ಯೂಮೆಯ ಮೊದಲ ಹಾಳೆ. ಮೇಲೆ ಒಂದು ಸಾಲು: ಪೇರೆಂಟ್, ಫುಲ್ ಟೈಮ್. ಅರೋರಾ, ಇಲಿನಾಯ್. ಎದುರಿಗೆ ಎಂಟು ವರ್ಷ. ಚುಕ್ಕಿ ಸಾಲುಗಳಿಲ್ಲ, ಲಾಜಿಸ್ಟಿಕ್ಸ್ ಇಲ್ಲ. ಅದರ ಕೆಳಗೆ ಅವಳು ಕಳೆದ ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಮುಗಿಸಿದ ಕೋರ್ಸು, ಅದರ ಕೆಳಗೆ ಹಳೆಯ ಕೆಲಸ. ಫೋಟೋ ಜೊತೆಗೆ ಒಂದು ಮೆಸೇಜ್: "ನಿನ್ನ ಸಿಸ್ಟರ್ ಹೇಳಿಕೊಟ್ಟ ಘೋಷಣೆ ಹಾಕಬೇಕಾ, ಅಥವಾ ಇಷ್ಟು ಸಾಕಾ?"

"ಇಷ್ಟು ಸಾಕು. ಇದಕ್ಕೆ ಪ್ರಮಾಣ ಬೇಡ," ಅಂತ ಬರೆದೆ. ಆಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಎರಡು ಲೋಟ ಕಾಫಿ ಕುಡಿದೆ.

ಇಂಟರ್ವ್ಯೂಗೆ ಕರೆ ಬಂದದ್ದು ಮೂರು ವಾರ ಕಳೆದ ಮೇಲೆ. ಆ ಮೂರು ವಾರ ಹುಬ್ಬಳ್ಳಿಯವರು ಅಳಿಯನಿಗೆ ಫೋನ್ ಮಾಡಿದಾಗಲೆಲ್ಲ "ಆಂಟಿ ಹೇಳಿದಂಗ ಬರದು ಹಾಕಿದ್ದಕ್ಕ ಏನರ ಉತ್ತರ ಬಂತೇನಪಾ?" ಅಂತ ಕೇಳುತ್ತಿದ್ದರಂತೆ. ಬಂತು ಅಂತ ತಿಳಿದ ದಿನ ಅವರೇ ನನಗೆ ಫೋನ್ ಮಾಡಿದರು. "ಕಂಪ್ಯೂಟರ್ ಕೆಟ್ಟಿರಬೇಕು ಬಿಡ್ರೀ ಆಂಟಿ!"

"ಕೆಟ್ಟೇ ಇರಲಿ, ರಿಪೇರಿ ಮಾಡಿಸಬೇಡಿ," ಅಂದೆ.

ನಾನು ಮತ್ತೆ ಅರೋರಾಗೆ ಹೋಗಿದ್ದೆ. ಇಟಾಸ್ಕಾಗೆ ಮಗಳೇ ಡ್ರೈವ್ ಮಾಡಿದಳು, ನಾನು ಜೊತೆಗೆ. ಓಹೇರ್ ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು ನೆತ್ತಿಯ ಮೇಲೇ ಹೋಗುತ್ತಿದ್ದವು. ಆಫೀಸಿನ ಪಕ್ಕದ ಹೋಟೆಲ್ ಲಾಬಿಯಲ್ಲಿ ನನ್ನನ್ನು ಕೂರಿಸಿ ಹೋದಳು. ಒಂದು ಟೀ ತೆಗೆದುಕೊಂಡು ಒಂದೂಮುಕ್ಕಾಲು ಗಂಟೆ ಕೂತೆ. ಬಂದಾಗ ಅವಳ ಕಿವಿ ಎರಡೂ ಕೆಂಪಾಗಿದ್ದವು. ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ ಮೇಲೆ ಶುರು ಮಾಡಿದಳು.

"ಮೂರು ಜನ ಇದ್ರು. ಒಬ್ಬ ಸಣ್ಣ ವಯಸ್ಸಿನವನು, ಹಾಳೆ ನೋಡಿ, 'ಪೇರೆಂಟ್, ಇಂಟರೆಸ್ಟಿಂಗ್, ಏನು ಮಾಡ್ತಿದ್ರಿ?' ಅಂದ."

"ನೀನು?"

"ಅಲ್ಲಿ ಬರೆದಿರೋದನ್ನೇ ಮಾಡ್ತಿದ್ದೆ ಅಂದೆ."

"ಶಭಾಷ್. ಆಮೇಲೆ?"

"ಆಮೇಲೆ ಹೊಸ ಸಾಫ್ಟ್‌ವೇರ್ ಬಗ್ಗೆ ಕೇಳಿದ್ರು, ಹೇಳಿದೆ. ಒಂದು ಗೊತ್ತಿರ್ಲಿಲ್ಲ, ಗೊತ್ತಿಲ್ಲ ಅಂದೆ. ಕೊನೇಲಿ ಅವನು ಮತ್ತೆ ಆ ಸಾಲಿಗೆ ಬಂದ. ಮಗುಗೆ ಹುಷಾರಿಲ್ದೆ ಇದ್ರೆ ಏನ್ಮಾಡ್ತೀಯ ಅಂತ ಕೇಳಬೇಕು ಅವನಿಗೆ. ಕೇಳೋ ಹಾಗಿಲ್ಲ, ರೂಲ್ಸ್ ಇದೆ. ಸುತ್ತಿ ಸುತ್ತಿ ಏನೋ ಕೇಳ್ತಿದ್ದ. ನಾನೇ ಕೇಳಿಬಿಟ್ಟೆ. ನಿಮ್ಮ ಮಗು ಸ್ಕೂಲಿಂದ ಫೋನ್ ಬಂದ್ರೆ ಯಾರು ಹೋಗ್ತಾರೆ ಅಂತ."

"ಅಯ್ಯೋ! ಏನಂದ?"

"'ಮೈ ವೈಫ್' ಅಂದ. ಪಕ್ಕದಲ್ಲಿದ್ದ ಹೆಂಗಸು ಅವನ ಕಡೆ ಹೀಗೆ ತಿರುಗಿ ನೋಡಿದ್ಲು ಅಮ್ಮ..." ಮಗಳು ನೋಡಿ ತೋರಿಸಿದಳು. ಇಬ್ಬರೂ ಪಾರ್ಕಿಂಗ್ ಲಾಟಿನಲ್ಲೇ ನಕ್ಕೆವು. ನಗು ಮುಗಿದ ಮೇಲೆ ಅವಳು ಸ್ಟೀರಿಂಗ್ ಮೇಲೆ ಹಣೆಯಿಟ್ಟು, "ಹೋಯ್ತು ಅನ್ಸುತ್ತೆ," ಅಂದಳು.

"ಹೋದ್ರೆ ಹೋಗ್ಲಿ" ಅಂತ ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಕೆಲಸ ಬೇಕಾಗಿದ್ದದ್ದು ಅವಳಿಗೆ.

ಹೋಗಲಿಲ್ಲ. ಸಿಕ್ಕಿತು. ಆದರೆ ಬಿಟ್ಟಾಗ ಇದ್ದ ಜಾಗಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಸೀನಿಯರ್ ಅನ್ನುವ ಪದ ಇಲ್ಲ. ಆರು ತಿಂಗಳ ನಂತರ ನೋಡೋಣ ಅಂದರಂತೆ. ಹುಬ್ಬಳ್ಳಿಯವರು ಧಾರವಾಡ ಪೇಡೆ ತಂದುಕೊಟ್ಟರು, ಮಾತು ಮಾತ್ರ ಬಿಡಲಿಲ್ಲ. "ನಮ್ಮ ದಾರಿಲೇ ಹೋಗಿದ್ರ ಸೀನಿಯರ್ ಆಗಿ ಕುಂದರತಿದ್ಲು ಆಂಟಿ."

"ಕೂರ್ತಿದ್ಲು," ಅಂದೆ. ಅವರು ಹೇಳಿದ್ದು ನಿಜವೇ ಇರಬಹುದು, ನಾನೇಕೆ ಇಲ್ಲ ಅನ್ನಲಿ. "ಯಾರಾದ್ರೂ ನಿಮಗೆ ಫೋನ್ ಮಾಡಿದ್ರಾ ಅಂತ ದಿನಾ ಹೆದರ್ತಾ ಕೂರ್ತಿದ್ಲು."

ಮಗಳು ಅಡುಗೆಮನೆಯಿಂದಲೇ ಕೂಗಿದಳು: "ಆ ಕೆಳಗಿನ ಮೆಟ್ಟಿಲು ಇದೆಯಲ್ಲ, ಅದು ನಂದು. ಇಬ್ಬರೂ ಜಗಳ ನಿಲ್ಲಿಸಿ ಬನ್ನಿ, ಊಟ ಆರ್ತಿದೆ."

ಅವಳು ಕೆಲಸಕ್ಕೆ ಸೇರಿದ ಎರಡನೇ ವಾರ ನಾನು ಪ್ಲಿಮತ್‌ನಿಂದ ಮತ್ತೆ ಬಾಸ್ ಹತ್ತಿರ ಹೋದೆ. ಹೊರಗೆ ನಲವತ್ತೈದು ಡಿಗ್ರಿ ಫ್ಯಾರನ್‌ಹೀಟ್, ರಸ್ತೆ ಪಕ್ಕದ ಹಿಮ ಕಪ್ಪಾಗಿ ಕರಗುತ್ತಿತ್ತು. ಈ ಸಲ ಅವರು ಹಾಸಿಗೆಯಲ್ಲೇ ದಿಂಬಿಗೆ ಒರಗಿದ್ದರು. ಕೈ ಮುಟ್ಟಿದರೆ ಪೇಪರಿನ ಹಾಗಿತ್ತು. ಕೆಲಸ ಸಿಕ್ಕಿತು ಅಂದೆ.

"ಆ ಸಾಲು ಇಟ್ಟುಕೊಂಡೇ?"

"ಇಟ್ಟುಕೊಂಡೇ."

"ಎಷ್ಟು ಕೆಳಗಿಳಿಸಿದರು?" ಹೇಗೆ ಗೊತ್ತಾಯಿತೋ. ಹಾಗೆ ಇಳಿಸುವುದನ್ನು ಅವರೇ ಎಷ್ಟು ಜನಕ್ಕೆ ಮಾಡಿರಬೇಕು.

"ಒಂದು ಮೆಟ್ಟಿಲು. ಆರು ತಿಂಗಳಾದ ಮೇಲೆ ನೋಡೋಣ ಅಂದಿದ್ದಾರೆ."

"ಆರು ತಿಂಗಳು ಅಂದರೆ ಆರೇ ತಿಂಗಳು. ಆರು ತುಂಬಿದ ಮಾರನೇ ದಿನವೇ ಹೋಗಿ ಕೇಳಬೇಕು ಅಂತ ಹೇಳು. ನಗ್ತಾ ಕೇಳಬಾರದು. ನೀನು ಯಾವಾಗಲೂ ನಗ್ತಾ ಕೇಳ್ತಿದ್ದೆ, ಅದಕ್ಕೇ ನಾನು ಪ್ರಮೋಷನ್ ಕೊಡ್ತಿರಲಿಲ್ಲ."

"ಹೇಳ್ತೀನಿ."

ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದರು. ನಿದ್ದೆ ಬಂತು ಅಂತ ನಾನು ಕೋಟು ಹಾಕಿಕೊಂಡು ಎದ್ದೆ. ಆಗ ಮಾತಾಡಿದರು. "ಅವಳ ಹೆಸರು ಬರ್ತಿಲ್ಲ. ಕ್ಯಾಂಟನ್‌ನವಳದ್ದು. ನೀನು ಹೋದಾಗಿಂದ ಯೋಚನೆ ಮಾಡ್ತಿದ್ದೀನಿ. ಮುಚ್ಚಳಕ್ಕೆ ಹಾಕುವಾಗ ಹೆಸರು ಓದಿದ್ದೆ."

ಪರವಾಗಿಲ್ಲ ಬಿಡಿ ಅನ್ನಬಹುದಿತ್ತು. ಕಾನ್ವೆಂಟಿನಲ್ಲಿ ಕಲಿಸಿದ ಮ್ಯಾನರ್ಸ್ ಪ್ರಕಾರ ಅನ್ನಲೇಬೇಕಿತ್ತು.

"ನೆನಪು ಮಾಡಿಕೊಳ್ಳಿ," ಅಂದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. ಕನ್ನಡಕಕ್ಕೆ ಕೈ ಚಾಚಿದರು, ಎತ್ತಿಕೊಟ್ಟೆ. ಬಾಗಿಲ ಹತ್ತಿರ ಹೋಗಿ ತಿರುಗಿ ನೋಡಿದಾಗ ಪೇಪರನ್ನು ಮಂಡಿಯ ಮೇಲಿಟ್ಟುಕೊಂಡು, ಕ್ರಾಸ್‌ವರ್ಡಿನ ಪಕ್ಕದ ಬಿಳಿ ಜಾಗದಲ್ಲಿ ಒಂದರ ಕೆಳಗೊಂದು ಹೆಂಗಸರ ಹೆಸರು ಬರೆಯುತ್ತಿದ್ದರು. ಒಂದನ್ನು ಬರೆದರು, ನೋಡಿದರು, ತಲೆಯಾಡಿಸಿ ಹೊಡೆದುಹಾಕಿದರು. ಇನ್ನೊಂದು ಬರೆದರು. ನನ್ನ ಕಡೆ ನೋಡಲಿಲ್ಲ. ನಾನು 'ಬೈ' ಅಂತ ಹೇಳಿ ಅವರ ಕೆಲಸ ಕೆಡಿಸಲಿಲ್ಲ. ಅವರನ್ನು ನಾನು ನೋಡಿದ್ದು ಅದೇ ಕೊನೆಯ ಸಲ.